ಪುಟ್ಟ ಮನೆಯ ಅರ್ಧ ಭಾಗ ಹೊರಗಿರುತ್ತದೆ

ಅಮೆರಿಕದ ‘ಟೈನಿ ಹೌಸ್’ಗಳ ವಿಡಿಯೋ ಒಂದಾದರೂ ನೋಡದವರು ಈಗ ಕಡಿಮೆ. ಮರದ ಪುಟ್ಟ ಮನೆ, ಕೆಳಗೆ ಚಕ್ರ, ಮೆಟ್ಟಿಲೊಳಗೇ ಡ್ರಾಯರ್, ಕಿಟಕಿಯಾಚೆ ಕಾಡು. ಮನೆಯವರು ಬಾಗಿಲು ತೆಗೆದು ‘ಬನ್ನಿ, ಮನೆ ತೋರಿಸ್ತೀವಿ’ ಅಂತಾರೆ. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮನೆ ಮುಗಿದಿರುತ್ತದೆ. ಆದರೂ ಕೊನೇವರೆಗೂ ಕೂತು ನೋಡುತ್ತೇವೆ. ಅಂಥದ್ದೇನಿದೆ ಅದರಲ್ಲಿ?

ಆ ಮನೆಯ ಅಗಲದಿಂದಲೇ ಶುರು ಮಾಡೋಣ. ಹೆಚ್ಚಿನವು 8.5 ಅಡಿ ಅಗಲ ಇರುತ್ತವೆ. ಇದು ಯಾವ ಆರ್ಕಿಟೆಕ್ಟೂ ಕೂತು ಯೋಚಿಸಿ ಇಟ್ಟ ಅಳತೆಯಲ್ಲ, ರಸ್ತೆಯ ಅಳತೆ. ಅಲ್ಲಿನ ಹೆದ್ದಾರಿಗಳಲ್ಲಿ ವಿಶೇಷ ಪರವಾನಗಿ ಇಲ್ಲದೆ ಎಳೆದುಕೊಂಡು ಹೋಗಬೇಕೆಂದರೆ ಅಗಲ ಅಷ್ಟನ್ನು ಮೀರಬಾರದು. ಎತ್ತರ ಬಹಳಷ್ಟು ರಾಜ್ಯಗಳಲ್ಲಿ 13.5 ಅಡಿ. ಗೋಡೆಯ ದಪ್ಪ ಕಳೆದರೆ ಒಳಗೆ ಉಳಿಯುವುದು ಏಳೂವರೆ ಅಡಿ ಚಿಲ್ಲರೆ. ಉದ್ದ 20 ಅಡಿ ಅಂದುಕೊಂಡರೆ ಹೊರಗಿನ ಅಳತೆಯಲ್ಲೇ ಇಡೀ ಮನೆ 170 ಚದರ ಅಡಿ. ಮಲಗುವುದು ಅಟ್ಟದ ಮೇಲೆ. ನಾವು ಅಟ್ಟಕ್ಕೆ ಹಳೇ ಕೊಡಪಾನ, ಗೌರಿ ಹಬ್ಬದ ಮಂಟಪ ಏರಿಸುತ್ತೇವೆ. ಅವರು ಹಾಸಿಗೆ ಏರಿಸುತ್ತಾರೆ. ಬೆಳಗ್ಗೆ ಎದ್ದು ಕೂತರೆ ಸೂರು ತಲೆಗೆ ಬಡಿಯುತ್ತದೆ. ವಿಡಿಯೋದಲ್ಲಿ ಅದನ್ನು ನಗುತ್ತಾ ಹೇಳುತ್ತಾರೆ. ರಾತ್ರಿ ಎರಡು ಸಲ ಬಚ್ಚಲಿಗೆ ಏಣಿ ಇಳಿದು ಹೋಗಬೇಕಾದ ವಯಸ್ಸಿನವರು ಅದನ್ನು ನಗುತ್ತಾ ಹೇಳಲಾರರು.

ಚಕ್ರ ಯಾಕೆ? ಊರೂರು ಸುತ್ತೋಕೆ ಅಂತ ಅಂದುಕೊಂಡರೆ ಅದು ಅರ್ಧ ಮಾತ್ರ ಸರಿ. ಬಹಳ ಮನೆಗಳು ವರ್ಷಗಟ್ಟಲೆ ನಿಂತಲ್ಲೇ ನಿಂತಿರುತ್ತವೆ. ಅಮೆರಿಕದ ಎಷ್ಟೋ ಊರುಗಳಲ್ಲಿ ಮನೆ ಇಂತಿಷ್ಟು ಚದರ ಅಡಿಗಿಂತ ಚಿಕ್ಕದಿರಬಾರದು ಎಂಬ ನಿಯಮವಿದೆ. ಮನೆಯನ್ನು ಟ್ರೇಲರ್ ಮೇಲೆ ಕಟ್ಟಿಬಿಟ್ಟರೆ ಕಾನೂನಿನ ಕಣ್ಣಿಗೆ ಅದು ಮನೆಯೇ ಅಲ್ಲ, ಗಾಡಿ. ಜೇ ಶೇಫರ್ ಎಂಬವರು 1999ರಲ್ಲಿ ಅಯೋವಾ ರಾಜ್ಯದಲ್ಲಿ ಹೀಗೆ ಚಕ್ರದ ಮೇಲೆ ಸುಮಾರು 100 ಚದರ ಅಡಿಯ ಮನೆ ಕಟ್ಟಿಕೊಂಡರು. ನಮ್ಮ ಮೇಸ್ತ್ರಿಗಳ ಲೆಕ್ಕದಲ್ಲಿ ಬರೀ ಒಂದು ಚದರ. ಈಗಿನ ಟೈನಿ ಹೌಸ್ ಅಲೆ ಶುರುವಾಗಿದ್ದು ಹೆಚ್ಚುಕಡಿಮೆ ಅಲ್ಲಿಂದಲೇ.

ಉಪಾಯ ಚೆನ್ನಾಗಿತ್ತು. ಆದರೆ ಪೂರ್ತಿ ಫಲಿಸಲಿಲ್ಲ. ಮನೆಯ ನಿಯಮದಿಂದ ತಪ್ಪಿಸಿಕೊಂಡವರು ಗಾಡಿಯ ನಿಯಮಕ್ಕೆ ಸಿಕ್ಕಿಬಿದ್ದರು. ಗಾಡಿಯಲ್ಲಿ ಕಾಯಂ ವಾಸ ಮಾಡುವಂತಿಲ್ಲ ಎನ್ನುವ ಊರುಗಳೂ ಅಲ್ಲಿ ಬೇಕಾದಷ್ಟಿವೆ. ಹಾಗಾಗಿ ವಿಡಿಯೋದಲ್ಲಿ ಕಾಣುವ ಎಷ್ಟೋ ಮನೆಗಳು ಯಾರದೋ ಜಮೀನಿನ ಮೂಲೆಯಲ್ಲಿ, ಸ್ನೇಹಿತರ ಹಿತ್ತಲಿನಲ್ಲಿ ಸದ್ದಿಲ್ಲದೆ ನಿಂತಿರುತ್ತವೆ. ಪಕ್ಕದ ಮನೆಯವರು ದೂರು ಕೊಡುವವರೆಗೆ ಎಲ್ಲ ಸುಸೂತ್ರ. 2018ರಲ್ಲಿ ಅಲ್ಲಿನ ಮಾದರಿ ಕಟ್ಟಡ ಸಂಹಿತೆಗೆ ಹೊಸದೊಂದು ಅನುಬಂಧ ಸೇರಿತು. 400 ಚದರ ಅಡಿವರೆಗಿನ ಮನೆಗಳಿಗೆ ಏಣಿ, ಅಟ್ಟ, ತಗ್ಗು ಸೂರು ಎಲ್ಲಕ್ಕೂ ಅದು ಜಾಗ ಕೊಟ್ಟಿತು. ಆಯಾ ರಾಜ್ಯ, ಆಯಾ ಊರು ಅದನ್ನು ಒಪ್ಪಿಕೊಂಡರೆ ಮಾತ್ರ ಲೆಕ್ಕ.

ಇಷ್ಟೆಲ್ಲ ಪಾಡು ಯಾಕೆ ಪಡುತ್ತಾರೆ ಅಂದರೆ, ನನ್ನ ಪ್ರಕಾರ ಮೊದಲ ಉತ್ತರ ಸಾಲ. ಅಮೆರಿಕದಲ್ಲಿ 1973ರಲ್ಲಿ ಹೊಸದಾಗಿ ಕಟ್ಟಿದ ಮನೆಯ ಸರಾಸರಿ ವಿಸ್ತೀರ್ಣ ಸುಮಾರು 1,660 ಚದರ ಅಡಿ. 2015ರ ಹೊತ್ತಿಗೆ ಅದು 2,700ರ ಹತ್ತಿರ ಬಂತು. ಇದೇ ಅವಧಿಯಲ್ಲಿ ಕುಟುಂಬ ಚಿಕ್ಕದಾಯಿತು. ಮೂರು ಜನ ಇದ್ದ ಸರಾಸರಿ ಎರಡೂವರೆಗೆ ಇಳಿಯಿತು. ಜನ ಕಡಿಮೆ, ಮನೆ ದೊಡ್ಡದು, ಸಾಲ ಅದಕ್ಕಿಂತ ದೊಡ್ಡದು. 2008ರಲ್ಲಿ ಆ ಸಾಲದ ಗೋಪುರ ಕುಸಿದು ಲಕ್ಷಾಂತರ ಜನ ಮನೆ ಕಳೆದುಕೊಂಡರು. ಅದಾದ ಮೇಲೆಯೇ ಪುಟ್ಟ ಮನೆಯ ಸುದ್ದಿ ಮನೆಮನೆಗೆ ಹಬ್ಬಿದ್ದು. ತಿಂಗಳ ಕಂತಿಲ್ಲ ಎನ್ನುವ ಒಂದೇ ಮಾತಿಗೆ ತಲೆ ಸೂರಿಗೆ ಬಡಿದರೂ ಪರವಾಗಿಲ್ಲ ಎನ್ನುವವರು ಸಿಕ್ಕರು.

ಈ ಸೆಳೆತ ನಮಗೂ ಚೆನ್ನಾಗಿ ಅರ್ಥವಾಗುತ್ತದೆ. 50 ಲಕ್ಷ ರೂಪಾಯಿ ಗೃಹಸಾಲ, ಬಡ್ಡಿ 8.5, ಅವಧಿ 20 ವರ್ಷ ಅಂದುಕೊಳ್ಳಿ. ತಿಂಗಳಿಗೆ ಸುಮಾರು 43,400 ರೂಪಾಯಿ ಇಎಂಐ. ಕಟ್ಟಿ ಮುಗಿಸುವಾಗ ಒಟ್ಟು 1 ಕೋಟಿ 4 ಲಕ್ಷ ದಾಟಿರುತ್ತದೆ. ಒಂದು ಮನೆಗೆ ಎರಡು ಮನೆ ದುಡ್ಡು. ಇಪ್ಪತ್ತು ವರ್ಷ ಕೆಲಸ ಬಿಡೋ ಹಾಗಿಲ್ಲ, ಬಾಸ್‌ಗೆ ಎದುರಾಡೋ ಹಾಗಿಲ್ಲ, ಊರಿಗೆ ವಾಪಸ್ ಹೋಗೋ ಹಾಗಿಲ್ಲ. ಅಂಥವರು ರಾತ್ರಿ ಹನ್ನೊಂದಕ್ಕೆ ಹಾಸಿಗೆಯಲ್ಲಿ ಬಿದ್ದುಕೊಂಡು ಚಕ್ರದ ಮೇಲಿನ ಮನೆ ನೋಡಿದರೆ ಕಣ್ಣಿಗೆ ಬೀಳುವುದು ಮನೆಯಲ್ಲ, ಇಎಂಐ ಇಲ್ಲದ ತಿಂಗಳು.

ಆದರೆ ಅಲ್ಲಿನ ಲೆಕ್ಕ ಇಲ್ಲಿಗೆ ಹಾಗೇ ಕೂರುವುದಿಲ್ಲ. ಚಕ್ರದ ಮನೆ ಗಾಡಿ ತಾನೇ, ವರ್ಷ ಕಳೆದ ಹಾಗೆ ಬೆಲೆ ಇಳಿಯುತ್ತದೆ. ಏರುವುದು ಅದರ ಕೆಳಗಿನ ನೆಲದ ಬೆಲೆ. ಆ ನೆಲ ಹೆಚ್ಚಿನವರದು ಬಾಡಿಗೆಯದು. ಅಂದರೆ ಬೆಲೆ ಇಳಿಯುವುದನ್ನು ಸ್ವಂತ ಮಾಡಿಕೊಂಡು, ಏರುವುದನ್ನು ಬಾಡಿಗೆಗೆ ಹಿಡಿದ ಹಾಗಾಯಿತು. ನಮ್ಮವರು ಇದರ ಉಲ್ಟಾ. ಮೊದಲು ಸೈಟು. ಮನೆ ಆಮೇಲೆ ನೋಡೋಣ, ಮಗಳ ಮದುವೆ ಆಗಲಿ, ರಿಟೈರ್ ಆಗಲಿ. ಹತ್ತು ವರ್ಷ ಪಾರ್ಥೇನಿಯಂ ಬೆಳೆದರೂ ಸೈಟು ಸೈಟೇ. ಇಂಥ ನಾಡಿನಲ್ಲಿ ನೆಲವಿಲ್ಲದ ಮನೆಯನ್ನು ಯಾರೂ ಆಸ್ತಿ ಅಂತ ಕರೆಯುವುದಿಲ್ಲ.

ಇನ್ನೊಂದು ಕೊಕ್ಕೆಯೂ ಇದೆ. ಮನೆ ಅರ್ಧಕ್ಕೆ ಇಳಿದರೆ ಖರ್ಚು ಅರ್ಧಕ್ಕೆ ಇಳಿಯುವುದಿಲ್ಲ. ಹೆಚ್ಚು ದುಡ್ಡು ತಿನ್ನುವುದು ಅಡುಗೆಮನೆ, ಬಚ್ಚಲು, ಪೈಪು, ವೈರಿಂಗು. ಅವು ಎಷ್ಟು ಚಿಕ್ಕ ಮನೆಗೂ ಬೇಕೇ ಬೇಕು. ಕಡಿಮೆಯಾಗುವುದು ಖಾಲಿ ಜಾಗ, ಅಂದರೆ ಮನೆಯಲ್ಲಿ ಎಲ್ಲಕ್ಕಿಂತ ಅಗ್ಗದ ಭಾಗ. ಹಾಗಾಗಿ ಚದರ ಅಡಿ ಲೆಕ್ಕದಲ್ಲಿ ಪುಟ್ಟ ಮನೆಯೇ ದುಬಾರಿ.

ಈಗ ನಮ್ಮ ವಿಷಯಕ್ಕೆ ಬರೋಣ. ಸಣ್ಣ ಮನೆ ನಮಗೆ ಹೊಸದೇನಲ್ಲ. 2011ರ ಜನಗಣತಿ ಪ್ರಕಾರ ದೇಶದ ನೂರಕ್ಕೆ 37 ಕುಟುಂಬಗಳು ಒಂದೇ ಕೋಣೆಯ ಮನೆಯಲ್ಲಿದ್ದವು. ಅವರನ್ನು ಯಾರೂ ಮಿನಿಮಲಿಸ್ಟ್ ಅಂತ ಕರೆಯಲಿಲ್ಲ. ಒಬ್ಬರಿಗೆ 170 ಚದರ ಅಡಿ ಇರುವುದು, ಐದು ಜನಕ್ಕೆ 170 ಚದರ ಅಡಿ ಇರುವುದು, ಎರಡೂ ಬೇರೆ ಬೇರೆ ಬದುಕು. ಇಷ್ಟಪಟ್ಟು ಬಂದವರು ಬೇಡವಾದಾಗ ಹೋಗಬಹುದು ಎನ್ನುವುದು ಇನ್ನೊಂದು ದೊಡ್ಡ ವ್ಯತ್ಯಾಸ. ಇದು ಎಲ್ಲರಿಗೂ ಗೊತ್ತಿರೋದೇ. ನಾನು ಹೇಳಬೇಕೆಂದಿರುವುದು ಇದಲ್ಲ.

ಹೇಳಬೇಕಾದ್ದು ಮನೆಯ ಹೊರಗಿನ ಬಗ್ಗೆ. ಸಣ್ಣ ಮನೆ ಸುಖವಾಗಿರುವುದು ಮನೆಯ ಅರ್ಧ ಕೆಲಸವನ್ನು ಬೇರೆ ಯಾವುದೋ ಜಾಗ ಮಾಡಿಕೊಡುವಾಗ. ಆ ಜಾಗ ಹೋದರೆ ಮನೆ ಬರೀ ರೂಮಾಗುತ್ತದೆ.

ಬೆಂಗಳೂರು, ಮೈಸೂರಿನ ಹಳೇ ಬಡಾವಣೆಗಳ ವಠಾರ ನೋಡಿ. ಚಾಮರಾಜಪೇಟೆ, ಬಸವನಗುಡಿ, ಮಲ್ಲೇಶ್ವರದಲ್ಲಿ ಇನ್ನೂ ಅಲ್ಲೊಂದು ಇಲ್ಲೊಂದು ಉಳಿದಿವೆ. ರಸ್ತೆ ಕಡೆಗೆ ಓನರ್ ಮನೆ. ಪಕ್ಕದ ಓಣಿಯಲ್ಲಿ ಒಳಗೆ ಹೋದರೆ ಗೋಡೆಗೆ ಗೋಡೆ ಅಂಟಿಸಿಕೊಂಡ ಸಾಲು ಮನೆಗಳು. ಒಂದೊಂದಕ್ಕೂ ಒಂದು ನಡುಮನೆ, ಒಂದು ಅಡುಗೆಮನೆ, ಅಷ್ಟೇ. ನಲ್ಲಿ, ಒಗೆಯೋ ಕಲ್ಲು, ಕಕ್ಕಸು ಎಲ್ಲ ಹೊರಗೆ, ಎಲ್ಲರಿಗೂ ಸೇರಿ. ಮಕ್ಕಳು ಓದುವುದು ಜಗಲಿಯಲ್ಲಿ. ಹಪ್ಪಳ ಒಣಗುವುದು ಓನರ್ ಮನೆ ತಾರಸಿಯಲ್ಲಿ. ಊರಿಂದ ನೆಂಟರು ಬಂದರೆ ಗಂಡಸರಿಗೆ ಪಕ್ಕದ ಮನೆ ನಡುಮನೆಯಲ್ಲಿ ಚಾಪೆ. ನಾಮಕರಣ, ಮುಂಜಿ, ಮದುವೆಗೆ ಛತ್ರ. ಮನೆ ಇನ್ನೂರು ಚದರ ಅಡಿಯೇ ಇರಬಹುದು, ಬದುಕು ಹರಡಿಕೊಂಡಿದ್ದು ಎರಡು ಸಾವಿರ ಚದರ ಅಡಿಗೆ.

ಹಾಗಂತ ವಠಾರವನ್ನು ಹೊಗಳುತ್ತಾ ಕೂರಲಾರೆ. ನಲ್ಲಿ ಹತ್ತಿರದ ಜಗಳ ಒಂದು ಕಡೆ ಇರಲಿ. ಹೊಸದಾಗಿ ಮದುವೆಯಾದವರಿಗೆ ಪಿಸುಮಾತಾಡೋಕೂ ಜಾಗ ಇರುತ್ತಿರಲಿಲ್ಲ. ಯಾರ ಮನೆಗೆ ಯಾರು ಬಂದರು, ಸೊಸೆ ಎಷ್ಟು ಹೊತ್ತಿಗೆ ಎದ್ದಳು, ಎಲ್ಲಕ್ಕೂ ಸಾಕ್ಷಿಗಳಿದ್ದರು. ‘ನಮ್ಮವರಿಗೆ ಮಾತ್ರ’ ಎಂಬ ಬೋರ್ಡು ಗೋಡೆ ಮೇಲೆ ಇರದಿದ್ದರೂ ಓನರ್ ಬಾಯಲ್ಲಿರುತ್ತಿತ್ತು. ಆ ಹೊರಗು ಎಲ್ಲರಿಗೂ ತೆರೆದಿದ್ದ ಹೊರಗಲ್ಲ. ಸಣ್ಣ ಮನೆಯವರಿಗೆ ಜಾಗ ಸಿಗುತ್ತಿದ್ದದ್ದು ಜಾತಿ ಕೇಳಿ.

ಬೀದಿಯ ಹೊರಗು ಆ ಮಟ್ಟಿಗೆ ವಾಸಿ. ಬೆಂಗಳೂರಿನ ದರ್ಶಿನಿಗಳನ್ನೇ ತಗೊಳ್ಳಿ. ನಿಂತು ತಿಂದು ಹೋಗುವವನ ಅಡುಗೆಮನೆ ಅದು. ಬ್ಯಾಚುಲರ್ ರೂಮಿನಲ್ಲಿ ಒಂದು ಇಂಡಕ್ಷನ್ ಒಲೆ, ಒಂದು ಪಾತ್ರೆ ಇದ್ದರೆ ಸಾಕು ಅನ್ನಿಸೋದು ಕೆಳಗೆ ದರ್ಶಿನಿ ಇರುವುದರಿಂದ. ಪಾರ್ಕು ಅವನ ಹಾಲ್. ಬಡಾವಣೆಯ ಲೈಬ್ರರಿ ಅವನ ಓದುವ ಕೋಣೆ. ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆಗೇ ಗ್ರಂಥಾಲಯ ಕರ ಅಂತ ನೂರಕ್ಕೆ ಆರು ರೂಪಾಯಿ ಕಟ್ಟಿಸಿಕೊಳ್ಳುತ್ತಾರೆ. ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರು ಬೆಳಗ್ಗೆಯೇ ಬಂದು ಲೈಬ್ರರಿ ಕುರ್ಚಿ ಹಿಡಿಯುವುದು ನೋಡಿದ್ದೀರಲ್ವಾ? ಅವರ ರೂಮಿನಲ್ಲಿ ಕುರ್ಚಿ ಹಾಕಲು ಜಾಗವಿಲ್ಲ. ಆ ಕುರ್ಚಿಯ ಜಾಗವನ್ನು ಊರು ಕೊಟ್ಟಿದೆ.

ಜಪಾನಿನಲ್ಲಿ ಇದನ್ನು ಕಟ್ಟಡದಲ್ಲೇ ಮಾಡಿ ತೋರಿಸಿದವರು ಆರ್ಕಿಟೆಕ್ಟ್ ಕಿಶೋ ಕುರೊಕಾವಾ. 1972ರಲ್ಲಿ ಟೋಕಿಯೊದಲ್ಲಿ ಎದ್ದ ನಕಗಿನ್ ಕ್ಯಾಪ್ಸೂಲ್ ಟವರ್‌ನಲ್ಲಿ 140 ಡಬ್ಬಿಗಳು. ಒಂದೊಂದೂ ಸುಮಾರು 10 ಚದರ ಮೀಟರ್. ಹಾಸಿಗೆ, ಬಚ್ಚಲು, ದುಂಡನೆ ಕಿಟಕಿ ಎಲ್ಲ ಇತ್ತು, ಅಡುಗೆಮನೆ ಇರಲಿಲ್ಲ. ಟೋಕಿಯೊ ಇರುವಾಗ ಅಡುಗೆಮನೆ ಯಾಕೆ ಎನ್ನುವ ಧೈರ್ಯ. ಆ ಧೈರ್ಯ ಸುಳ್ಳಾಗಲಿಲ್ಲ. ಕಟ್ಟಡವನ್ನು ಸೋಲಿಸಿದ್ದು ಬೇರೆ ಕಾರಣ. ಡಬ್ಬಿಗಳನ್ನು 25 ವರ್ಷಕ್ಕೊಮ್ಮೆ ಬದಲಾಯಿಸಬೇಕಿತ್ತು, ಒಂದು ಸಲವೂ ಬದಲಾಯಿಸಲಿಲ್ಲ. 2022ರಲ್ಲಿ ಬಿಚ್ಚಿ ಹಾಕಿದರು.

ನಮ್ಮಲ್ಲಿ ಆ ಧೈರ್ಯ ಮಾಡೋಕೆ ಆಗುತ್ತಾ? ಒಂದು ಸಾಮಾನ್ಯ ಬಾಡಿಗೆ ಮನೆಯೊಳಗೆ ಇಣುಕಿ ನೋಡಿ. ಅಡುಗೆಮನೆಯಲ್ಲಿ ಒಂದು ಸಿಲಿಂಡರ್, ಪಕ್ಕದಲ್ಲಿ ಇನ್ನೊಂದು ಸ್ಪೇರ್. ಬಚ್ಚಲಲ್ಲಿ ನೀಲಿ ಡ್ರಮ್ಮು. ಕುಡಿಯೋಕೆ 20 ಲೀಟರ್ ಕ್ಯಾನು, ಅದರ ಜೊತೆ ಖಾಲಿ ಕ್ಯಾನು. ಬಾಗಿಲ ಹಿಂದೆ ಯುಪಿಎಸ್, ಅದರ ಬ್ಯಾಟರಿ. ಮಂಚದ ಕೆಳಗೆ 25 ಕೆಜಿ ಅಕ್ಕಿ ಮೂಟೆ, ಊರಿಂದ ಬಂದ ರಾಗಿ, ತೆಂಗಿನಕಾಯಿ. ಇದರಲ್ಲಿ ಅಕ್ಕಿ, ರಾಗಿ ಬಿಟ್ಟರೆ ಉಳಿದದ್ದು ಯಾವುದೂ ಆಸೆಗೆ ಕೊಂಡದ್ದಲ್ಲ. ನೀರು ಎರಡು ದಿನಕ್ಕೊಮ್ಮೆ ಬರುತ್ತೆ, ಕರೆಂಟ್ ಯಾವಾಗ ಹೋಗುತ್ತೋ ಗೊತ್ತಿಲ್ಲ, ಅದಕ್ಕೇ ಇವೆಲ್ಲ. ಊರು ಮಾಡಬೇಕಾದ ದಾಸ್ತಾನನ್ನು ಮನೆ ಮಾಡುತ್ತಿದೆ. 2024ರ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿದಾಗ ಬೆಂಗಳೂರಿನ ಎಷ್ಟೋ ಮನೆಗಳಲ್ಲಿ ಇನ್ನೊಂದು ಡ್ರಮ್ಮು ಸೇರಿಕೊಂಡಿತು. ‘ಬೇಡದ್ದನ್ನೆಲ್ಲ ಎಸೆಯಿರಿ, ಮನೆ ಹಗುರ ಮಾಡಿಕೊಳ್ಳಿ’ ಎನ್ನುವ ವಿಡಿಯೋಗಳಿಗೆ ನಲ್ಲಿ ತಿರುಗಿಸಿದರೆ ನೀರು ಬರುವ ಊರೇ ಆಧಾರ. ಡ್ರಮ್ಮು ಎಸೆಯೋದು ಹೇಗೆ?

ಬೆಂಗಳೂರು ತನ್ನದೇ ಒಂದು ಪುಟ್ಟ ಮನೆಯನ್ನು ಕಂಡುಕೊಂಡಿದೆ. ಟ್ವೆಂಟಿ ಥರ್ಟಿ ಸೈಟಿನ ಮನೆ. 600 ಚದರ ಅಡಿ ನೆಲ, ಮೇಲಕ್ಕೆ ಮೂರೋ ನಾಲ್ಕೋ ಮಹಡಿ. ಕೆಳಗೆ ಸಂಪು, ಬೈಕುಗಳು, ಚಪ್ಪಲಿ ರಾಶಿ. ಮೊದಲ ಮಹಡಿಯಲ್ಲಿ ಓನರ್. ಅದರ ಮೇಲೆ ಬಾಡಿಗೆಯವರು. ತಾರಸಿಯಲ್ಲಿ ಒಂದು ಶೀಟಿನ ರೂಮು, ಅದರ ತಲೆ ಮೇಲೆ ನೀರಿನ ಟ್ಯಾಂಕು. ನೆಲದ ಬೆಲೆ ಏರಿದಷ್ಟೂ ಗೋಡೆ ಸೈಟಿನ ಅಂಚಿಗೆ ಬಂದು ನಿಲ್ಲುತ್ತದೆ. ಪಕ್ಕದವರದೂ ಹಾಗೇ. ಹೀಗಾಗಿ ಎರಡು ಕಡೆ ಕಿಟಕಿ ತೆಗೆದರೆ ಕಾಣುವುದು ಪಕ್ಕದ ಮನೆ ಗೋಡೆ. ನಡು ಮಧ್ಯಾಹ್ನ ಲೈಟ್ ಹಾಕಬೇಕು. ಒಣಮೆಣಸಿನಕಾಯಿ ಒಗ್ಗರಣೆ ಹಾಕಿದರೆ ಹಾಲ್‌ನಲ್ಲಿ ಮೀಟಿಂಗ್‌ನಲ್ಲಿರುವವನಿಗೂ ಕೆಮ್ಮು, ಮಲಗಿದ ಮಗುವಿಗೂ ಕೆಮ್ಮು. ಮಳೆಗಾಲದಲ್ಲಿ ಬಟ್ಟೆಯೆಲ್ಲ ಫ್ಯಾನ್ ಕೆಳಗೆ, ಮೂರು ದಿನವಾದರೂ ಮುಗ್ಗಲು ವಾಸನೆ ಹೋಗದು. ಈ ಮನೆಗಳ ತೊಂದರೆ ಚದರ ಅಡಿಯದ್ದು ಅಂತ ನನಗನ್ನಿಸುವುದಿಲ್ಲ. ಅಷ್ಟೇ ಚದರ ಅಡಿಗೆ ಎರಡು ಕಡೆ ಗಾಳಿ, ಮುಂದೆ ಒಂದು ಮರ, ಮಕ್ಕಳು ಆಡುವಷ್ಟು ಬೀದಿ ಕೊಟ್ಟು ನೋಡಿ. ಬೀದಿಯೂ ಈಗ ಪಾರ್ಕಿಂಗ್ ಆಗಿದೆ. ಜಗಲಿ ಎಂದೋ ಗ್ರಿಲ್ ಒಳಗೆ ಸೇರಿತು.

ಸರ್ಕಾರದ ಲೆಕ್ಕ ಪುಸ್ತಕದಲ್ಲೂ ಮನೆ ಅಂದರೆ ಒಳಗಿನ ಅಳತೆಯೇ. ರಾಷ್ಟ್ರೀಯ ಕಟ್ಟಡ ಸಂಹಿತೆ ವಾಸದ ಕೋಣೆ ಕನಿಷ್ಠ 9.5 ಚದರ ಮೀಟರ್ ಇರಬೇಕು ಎನ್ನುತ್ತದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಹಳ್ಳಿ ಮನೆ ಕನಿಷ್ಠ 25 ಚದರ ಮೀಟರ್. 2015ರ ಪಟ್ಟಣದ ಯೋಜನೆಯಲ್ಲಿ ಆರ್ಥಿಕವಾಗಿ ಹಿಂದುಳಿದವರ ಮನೆ 30 ಚದರ ಮೀಟರ್‌ವರೆಗೆ ಇತ್ತು. ಹಾಂಗ್‌ಕಾಂಗ್‌ನಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಒಂದು ಫ್ಲ್ಯಾಟನ್ನು ನಾಲ್ಕೈದಾಗಿ ಸೀಳಿದ ಗೂಡುಗಳಲ್ಲಿದ್ದಾರೆ. ಬಾಡಿಗೆಗೆ ಕೊಡುವ ಅಂಥ ಗೂಡು 8 ಚದರ ಮೀಟರ್‌ಗಿಂತ ಚಿಕ್ಕದಿರಬಾರದು ಅಂತ ಅಲ್ಲಿ 2025ರಲ್ಲಿ ಕಾನೂನು ಮಾಡಿದರು. ಇಂಥ ಕನಿಷ್ಠ ಅಳತೆಗಳು ಬೇಕು. ಇಲ್ಲದಿದ್ದರೆ ಕಪಾಟಿಗೂ ಬಾಡಿಗೆ ಕೇಳುವವರಿದ್ದಾರೆ. ಆದರೆ ಅಳತೆಪಟ್ಟಿ ಹೊಸಿಲಿಗೇ ನಿಂತುಬಿಡುತ್ತದೆ.

ಹೊಸಿಲಾಚೆ ಏನು ಕಳೆದುಹೋಗುತ್ತದೆ ಎನ್ನುವುದಕ್ಕೆ ಬೆಂಗಳೂರಿನ ಈಜಿಪುರ ಸಾಕು. 2013ರ ಜನವರಿಯಲ್ಲಿ ಅಲ್ಲಿನ ಇಡಬ್ಲ್ಯುಎಸ್ (ಆರ್ಥಿಕವಾಗಿ ಹಿಂದುಳಿದವರ) ಕ್ವಾರ್ಟರ್ಸ್‌ನ ಜಾಗದಿಂದ ನೂರಾರು ಬಡ ಕುಟುಂಬಗಳನ್ನು ಜೆಸಿಬಿ ತಂದು ಎಬ್ಬಿಸಿದರು. ಬಹಳ ಜನಕ್ಕೆ ತೋರಿಸಿದ್ದು ಸರ್ಜಾಪುರ ರಸ್ತೆ ಕಡೆಯ ಸೂಲಿಕುಂಟೆ. ಈಜಿಪುರದಲ್ಲಿ ಇದ್ದಾಗ ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಕೋರಮಂಗಲ ನಡೆದು ಹೋಗುವ ದೂರ. ಬೆಳಗ್ಗೆ ಎರಡು ಮನೆ ಮುಗಿಸಿ, ಬಂದು ಮಕ್ಕಳನ್ನು ಶಾಲೆಗೆ ಕಳಿಸಿ, ಮತ್ತೆ ಇನ್ನೊಂದು ಮನೆಗೆ ಹೋಗಬಹುದಿತ್ತು. ಊರಾಚೆ ಕೊಡುವ ಮನೆ ಒಂದು ಚದರ ದೊಡ್ಡದೇ ಇರಲಿ, ಆ ನಡೆಯುವ ದೂರವನ್ನು ಯಾವ ಹಕ್ಕುಪತ್ರದಲ್ಲೂ ಬರೆದುಕೊಡುವುದಿಲ್ಲ.

ಇನ್ನು ಸಣ್ಣ ಮನೆಯನ್ನು ನಿಜವಾಗಿ ಬಯಸುವವರು ಯಾರು? ವಿಡಿಯೋಗಳಲ್ಲಿ ಇಪ್ಪತ್ತೈದರ ಹುಡುಗ ಹುಡುಗಿಯರು. ನಮ್ಮಲ್ಲಿ ಕೇಳಿ ನೋಡಿದರೆ ಅರವತ್ತು ದಾಟಿದವರೇ ಜಾಸ್ತಿ ಸಿಗುತ್ತಾರೆ, ಅದರಲ್ಲೂ ಹೆಂಗಸರು. ಜಯನಗರದಲ್ಲೋ ಕುವೆಂಪುನಗರದಲ್ಲೋ ಫಾರ್ಟಿ ಸಿಕ್ಸ್ಟಿ ಸೈಟಿನಲ್ಲಿ ಎಂಬತ್ತರ ದಶಕದಲ್ಲಿ ಕಟ್ಟಿಸಿದ ಮನೆ. ಮಕ್ಕಳು ಡಲ್ಲಾಸ್, ಸಿಡ್ನಿ. ಮೇಲಿನ ಮೂರು ರೂಮಿಗೆ ಬೀಗ. ಆದರೂ ವಾರಕ್ಕೊಮ್ಮೆ ಗುಡಿಸಿ ಒರೆಸಬೇಕು, ಜೇಡರ ಬಲೆ ತೆಗೆಯಬೇಕು, ಟ್ಯಾಂಕು ತೊಳೆಸಬೇಕು. ಒರೆಸುವವರಿಗೆ ಮಾತ್ರ ಮನೆಯ ವಿಸ್ತೀರ್ಣ ಸೊಂಟದಲ್ಲಿ ಗೊತ್ತಾಗುತ್ತದೆ. ಸಣ್ಣ ಮನೆ ಸಾಕು ಅಂತ ಅಮ್ಮ ಹೇಳುವುದು, ಕಟ್ಟಿಸಿದ ಮನೆ ಬಿಟ್ಟು ಎಲ್ಲಿಗೂ ಬರಲ್ಲ ಅಂತ ಅಪ್ಪ ಹೇಳುವುದು ಎಷ್ಟೋ ಮನೆಗಳ ಕಥೆ. ಅಲ್ಲೂ ವಿಷಯ ಹೊರಗಿನದ್ದೇ. ಅಪ್ಪ ಬಿಡಲೊಲ್ಲದ್ದು ಮೂರು ರೂಮನ್ನಲ್ಲ. ವಾಕಿಂಗ್ ಜೊತೆಗಾರರು, ಪರಿಚಯದ ಮೆಡಿಕಲ್ ಶಾಪು, ಸಾಲ ಬರೆದುಕೊಳ್ಳುವ ಅಂಗಡಿ. ಅದೇ ರಸ್ತೆಯಲ್ಲಿ ಚಿಕ್ಕದೊಂದು ಫ್ಲ್ಯಾಟ್ ಸಿಕ್ಕರೆ ಅಪ್ಪನೂ ಒಪ್ಪುತ್ತಾರೆ. ಆದರೆ ಅಂಥ ಬಡಾವಣೆಗಳಲ್ಲಿ ಹಳೇ ಮನೆ ಕೆಡವಿ ಕಟ್ಟುವುದು ತ್ರೀ ಬಿಎಚ್‌ಕೆಗಳನ್ನು. ಒಂದು ಬೆಡ್‌ರೂಮಿನ ಫ್ಲ್ಯಾಟ್ ಕಟ್ಟಿದರೆ ಬಿಲ್ಡರ್‌ಗೆ ಗಿಟ್ಟುವುದಿಲ್ಲ. ಬಚ್ಚಲು, ಅಡುಗೆಮನೆಯ ಅದೇ ಹಳೇ ಲೆಕ್ಕ.

ಬಿಲ್ಡರ್‌ಗಳಿಗೂ ಹೊರಗಿನ ಬೆಲೆ ಚೆನ್ನಾಗಿ ಗೊತ್ತು. ಐಟಿ ಕಂಪನಿಗಳ ಸುತ್ತ ಕೋ-ಲಿವಿಂಗ್ ಕಟ್ಟಡಗಳು ಎದ್ದಿರುವುದು ಅದೇ ಲೆಕ್ಕದ ಮೇಲೆ. ಮಂಚ, ಮೇಜು ಹಿಡಿಯುವಷ್ಟು ರೂಮು. ಅಡುಗೆಮನೆ, ಟಿವಿ, ವಾಷಿಂಗ್ ಮಷಿನ್, ಕೆಲಸ ಮಾಡಲು ಮೇಜು ಎಲ್ಲ ಹೊರಗೆ, ಎಲ್ಲರಿಗೂ ಸೇರಿ. ಮುದುಕರು, ಮಕ್ಕಳು, ಓನರಮ್ಮ ಇಲ್ಲದ ವಠಾರ. ಪಿಸುಮಾತಿಗೆ ಬಾಗಿಲಿದೆ, ಅದು ದೊಡ್ಡ ಲಾಭವೇ. ಮಗು ಹುಟ್ಟಿದ ದಿನ ಮಾತ್ರ ಖಾಲಿ ಮಾಡಬೇಕು. ಅಪಾರ್ಟ್‌ಮೆಂಟುಗಳಲ್ಲೂ ಈಗ ‘ಕಾಂಪ್ಯಾಕ್ಟ್’ ಅಂತ ಸಣ್ಣ ಫ್ಲ್ಯಾಟ್ ಮಾರುವಾಗ ಬ್ರೋಷರ್ ತುಂಬಾ ಕ್ಲಬ್‌ಹೌಸ್, ಜಿಮ್, ಈಜುಕೊಳ, ಪಾರ್ಟಿ ಹಾಲ್. ಒಳಗೆ ಕಳೆದದ್ದನ್ನು ಹೊರಗೆ ಕೊಡುತ್ತೇವೆ ಎನ್ನುವ ಮಾತು. ಬೀದಿಯ ಹೊರಗಿಗೂ ಇದಕ್ಕೂ ವ್ಯತ್ಯಾಸ ಇಷ್ಟೇ. ಇದು ಗೇಟಿನ ಒಳಗಿರುವ ಹೊರಗು. ತಿಂಗಳು ತಿಂಗಳು ದುಡ್ಡು ಕೇಳುತ್ತದೆ.

ಆ ದುಡ್ಡಿನ ಜಗಳ ಈಗ ಬಹಳ ಅಪಾರ್ಟ್‌ಮೆಂಟುಗಳ ವಾರ್ಷಿಕ ಸಭೆಯಲ್ಲಿ ಕೇಳಿಸುತ್ತದೆ. ಮೇಂಟೆನೆನ್ಸ್ ಚದರ ಅಡಿ ಲೆಕ್ಕದಲ್ಲಿ ಹಾಕಬೇಕೋ, ಮನೆಗಿಷ್ಟು ಅಂತ ಸಮನಾಗಿ ಹಾಕಬೇಕೋ? ‘ಲಿಫ್ಟು, ಸೆಕ್ಯುರಿಟಿ, ಈಜುಕೊಳ ಎಲ್ಲರೂ ಒಂದೇ ಥರ ಬಳಸ್ತೀವಿ, ನಾವ್ಯಾಕೆ ಜಾಸ್ತಿ ಕೊಡಬೇಕು’ ಅಂತ ದೊಡ್ಡ ಫ್ಲ್ಯಾಟಿನವರು. ‘ನೀವು ದೊಡ್ಡ ಪಾಲಿನ ಒಡೆಯರು, ಮಾರುವಾಗ ಆ ಪಾಲಿಗೂ ಬೆಲೆ ತಗೋತೀರಲ್ಲ’ ಅಂತ ಸಣ್ಣ ಫ್ಲ್ಯಾಟಿನವರು. 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಒಡೆತನ ಕಾಯ್ದೆ ಸಾಮಾನ್ಯ ಖರ್ಚನ್ನು ಅವಿಭಜಿತ ಪಾಲಿಗೆ, ಅಂದರೆ ಎಲ್ಲರಿಗೂ ಸೇರಿದ ಜಾಗದಲ್ಲಿ ಆಯಾ ಫ್ಲ್ಯಾಟಿಗಿರುವ ಪಾಲಿಗೆ, ತಕ್ಕಂತೆ ಹಂಚಬೇಕು ಎನ್ನುತ್ತದೆ. ಅಂದರೆ ಮಾತು ಹೆಚ್ಚುಕಡಿಮೆ ಸಣ್ಣ ಫ್ಲ್ಯಾಟಿನವರ ಕಡೆಗಿದೆ. ಆದರೆ ಎಷ್ಟೋ ಅಸೋಸಿಯೇಷನ್‌ಗಳು ಆ ಕಾಯ್ದೆಯಡಿ ನೋಂದಣಿಯೇ ಆಗಿಲ್ಲ. ಅಲ್ಲಿ ಕೈ ಎತ್ತಿಸಿ ತೀರ್ಮಾನ ಮಾಡುತ್ತಾರೆ. ಸಣ್ಣ ಮನೆ ಕೊಳ್ಳುವವರು ಮಾದರಿ ಫ್ಲ್ಯಾಟಿನ ಮಡಿಸುವ ಮಂಚ ನೋಡಿ ಮರುಳಾಗುವ ಮುಂಚೆ ಆ ಅಸೋಸಿಯೇಷನ್ ಬೈಲಾ ಕೇಳಿ ಓದುವುದು ಒಳ್ಳೆಯದು.